ಈಡಿನ ಹದ: ಬಾಯಿಯಿಂದ ಮದ್ದು ತುಂಬುವ ಕೋವಿಯೂ ಗುರಿಯ ಲೆಕ್ಕವೂ

ಬೇಟೆಗಾರರ ಕನ್ನಡದಲ್ಲಿ ‘ಈಡು’ ಎಂದರೆ ಕೋವಿಯಿಂದ ಹೊಡೆದ ಒಂದು ಹೊಡೆತ. ‘ಈಡುಜೋಡು’ ಎನ್ನುವಾಗ ಅದೇ ಪದಕ್ಕೆ ಸರಿಸಮ, ಸರಿಹೊಂದಿಕೆ ಎಂಬ ಅರ್ಥ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯ ವಿಷಯಕ್ಕೆ ಬಂದರೆ ಈ ಎರಡು ಅರ್ಥಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಇಂದಿನ ತೋಟೆ ಕೋವಿಯಲ್ಲಿ ಮದ್ದು, ಗುಂಡು, ಕಿಡಿ ಮೂರೂ ಒಂದೇ ಕವಚದಲ್ಲಿ ಅಡಕವಾಗಿ ಕಾರ್ಖಾನೆಯಿಂದಲೇ ಅಳತೆಗೊಂಡು ಬರುತ್ತವೆಯಾದರೆ, ಹಳೆಯ ಕೋವಿಯಲ್ಲಿ ಹೊಡೆಯುವವನು ಪ್ರತಿ ಸಲವೂ ತನ್ನ ಕೈಯಾರೆ ನಳಿಗೆಯೊಳಗೆ ಒಂದು ಹೊಸ ತೋಟೆಯನ್ನು ಕಟ್ಟಬೇಕಾಗುತ್ತದೆ. ಎಷ್ಟು ಮದ್ದು, ಯಾವ ಗಾತ್ರದ ಗುಂಡು, ಗುಂಡಿಗೆ ಸುತ್ತುವುದು ಎಷ್ಟು ದಪ್ಪದ ಬಟ್ಟೆ, ಎಂಥ ಜಿಡ್ಡು, ಎಷ್ಟು ಒತ್ತು ಎಂಬ ಐದಾರು ಸಂಗತಿಗಳು ಒಂದಕ್ಕೊಂದು ಈಡಾದಾಗ ಮಾತ್ರ ಆ ಕೋವಿಯ ಈಡು ಗುರಿ ಮುಟ್ಟುತ್ತದೆ. ಆದ್ದರಿಂದ ಇಂಥ ಕೋವಿಯ ಗುರಿಕಾರಿಕೆ ಕಣ್ಣಿನ ಚುರುಕಿಗಿಂತ ಮೊದಲು ಅಳತೆಯ ಶಿಸ್ತಿಗೆ ಸೇರಿದ ವಿದ್ಯೆಯಾಗಿದೆ.

ಈ ವಿದ್ಯೆಯ ಬೆಲೆ ಏನೆಂಬುದನ್ನು ಕನ್ನಡನಾಡಿನಲ್ಲಿ ಎಲ್ಲಿಯಾದರೂ ಕಣ್ಣಾರೆ ಕಾಣುವಂತೆ ದಾಖಲಿಸಿದ್ದರೆ ಅದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ. ಬಳಗಾನೂರು, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಳಗೊಂಡ ಈ ಸೀಮೆ ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತಕ್ಕೆ ಹೆಸರಾಗಿದೆ. ಆದರೆ ಬಹಮನಿ ಅರಸರಿಗೂ ವಿಜಯನಗರಕ್ಕೂ, ಅನಂತರ ವಿಜಾಪುರದ ಆದಿಲಶಾಹಿಗಳಿಗೂ ವಿಜಯನಗರಕ್ಕೂ ತಲೆಮಾರುಗಳ ಕಾಲ ಜಗಳ ನಡೆದದ್ದು ಇದೇ ನೆಲಕ್ಕಾಗಿ. ಆ ಜಗಳದ ಎರಡು ಕೀಲಿಗಳೆಂದರೆ ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು.

ರಾಯಚೂರಿನ ಗೋಡೆಯ ಕೆಳಗೆ

1520ರ ಮೇ 19ರಂದು ಕೃಷ್ಣದೇವರಾಯನ ಸೇನೆಗೂ ಇಸ್ಮಾಯಿಲ್ ಆದಿಲಶಾಹನ ಸೇನೆಗೂ ನಡೆದ ಯುದ್ಧ ದಖ್ಖನಿನಲ್ಲಿ ಸಿಡಿಮದ್ದಿನ ಆಯುಧಗಳು ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಮೊದಮೊದಲ ಯುದ್ಧಗಳಲ್ಲಿ ಒಂದು. ಪೋರ್ಚುಗೀಸ್ ಬರಹಗಾರ ಫರ್ನಾವೊ ನೂನಿಜ್ ಬರೆದಿಟ್ಟ, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿನಲ್ಲಿ ಪ್ರಕಟಿಸಿದ ವೃತ್ತಾಂತದ ಪ್ರಕಾರ, ತೋಪುಗಳ ಬಲದ ಮೇಲೆ ಹೆಚ್ಚು ಭರವಸೆಯಿಟ್ಟಿದ್ದ ಆದಿಲಶಾಹ ತನ್ನ ತೋಪುಗಳನ್ನೆಲ್ಲ ಒಮ್ಮೆಲೇ ಹಾರಿಸಿದನು. ಮೊದಲ ಏಟಿಗೆ ವಿಜಯನಗರದ ಮುಂಚೂಣಿ ಚದುರಿತಾದರೂ ರಾಯನು ಎರಡನೆಯ ಸಾಲಿನೊಡನೆ ಮುನ್ನುಗ್ಗಿದಾಗ ಯುದ್ಧದ ಗತಿ ತಿರುಗಿತು. ಒಮ್ಮೆ ಹಾರಿದ ತೋಪನ್ನು ಒರೆಸಿ, ಮದ್ದು ಸುರಿದು, ಗುಂಡು ಕೂರಿಸಿ, ಮತ್ತೆ ಕಿಡಿ ತೋರಿಸುವಷ್ಟರಲ್ಲಿ ಕುದುರೆ ಎದೆಯ ಮೇಲೆ ಬಂದಿರುತ್ತದೆ ಎಂಬುದು ಬಾಯಿಯಿಂದ ತುಂಬುವ ಆಯುಧದ ಹುಟ್ಟುಗುಣ.

ಬಯಲಿನಲ್ಲಿ ದೊಡ್ಡ ತೋಪುಗಳು ಮಾಡಲಾರದ ಕೆಲಸವನ್ನು ಕೋಟೆಯ ಬುಡದಲ್ಲಿ ಸಣ್ಣ ಕೋವಿಗಳು ಮಾಡಿದವು. ರಾಯಚೂರು ಕೋಟೆಯನ್ನು ಮುತ್ತಿದ ವಿಜಯನಗರದ ಕಾಲಾಳುಗಳು ಗುದ್ದಲಿ, ಹಾರೆಗಳಿಂದ ಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಅವರಿಗೆ ಹಣ ಸಲ್ಲುತ್ತಿತ್ತು. ಮೇಲಿನಿಂದ ಬೀಳುವ ಬಾಣ, ಕಲ್ಲು, ಗುಂಡುಗಳಿಗೆ ಅನೇಕರು ಬಲಿಯಾಗುತ್ತಿದ್ದ ಆ ಹೊತ್ತಿಗೆ ಕ್ರಿಸ್ತೊವಾವೊ ದ ಫಿಗೈರೆದೊ ಎಂಬ ಪೋರ್ಚುಗೀಸನು ಸುಮಾರು ಇಪ್ಪತ್ತು ಮಂದಿ ಕೋವಿಗಾರರೊಡನೆ ರಾಯನ ಪಾಳೆಯಕ್ಕೆ ಬಂದಿದ್ದನು. ಅವನ ಜನ ಗೋಡೆಯಂಚಿನಲ್ಲಿ ತಲೆ ತೋರಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆಯತೊಡಗಿದ ಮೇಲೆ ಕಾವಲಿನವರು ಗೋಡೆಯ ಹತ್ತಿರ ಸುಳಿಯಲಾರದಾದರು, ಕೆಳಗೆ ಕಲ್ಲು ಕೀಳುವ ಕೆಲಸ ಸರಾಗವಾಯಿತು. ಪರಿಸ್ಥಿತಿಯನ್ನು ನೋಡಲೆಂದು ಗೋಡೆಯ ಕಿಂಡಿಯಿಂದ ಬಾಗಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿದ್ದಿತೆಂದೂ, ನಾಯಕನಿಲ್ಲದ ಕೋಟೆ ಅದರ ಬೆನ್ನಿಗೇ ಶರಣಾಯಿತೆಂದೂ ನೂನಿಜ್ ಬರೆಯುತ್ತಾನೆ. ಇದಾದ ನಲವತ್ತೆಂಟು ವರ್ಷಗಳ ಮೇಲೆ, 1568ರಲ್ಲಿ, ಅಕ್ಬರನು ಚಿತ್ತೋರಿನ ಮುತ್ತಿಗೆಯಲ್ಲಿ ‘ಸಂಗ್ರಾಮ’ ಎಂಬ ತನ್ನ ಮೆಚ್ಚಿನ ಕೋವಿಯಿಂದ ಕೋಟೆಯ ನಾಯಕ ಜಯಮಲ್ಲನನ್ನು ಹೊಡೆದನೆಂಬ ದಾಖಲೆಯೂ ಇದೇ ಬಗೆಯದು. ಎರಡು ಕಡೆಯೂ ಮದ್ದಿನ ರಾಶಿಗಿಂತ ಒಂದೇ ಒಂದು ಗುಂಡಿನ ಗುರಿ ಹೆಚ್ಚು ಕೆಲಸ ಮಾಡಿತು.

ನಳಿಗೆಯ ಒಳಗಿನ ಲೋಕ

ಅಂದಿನ ಕೋವಿಗಳನ್ನು ಕಿಡಿ ಹೊತ್ತಿಸುವ ಕ್ರಮದಿಂದ ಗುರುತಿಸುವುದು ವಾಡಿಕೆ. ಪೆಟ್ಲುಪ್ಪಿನ ನೀರಿನಲ್ಲಿ ಹದಗೊಳಿಸಿ ಒಣಗಿಸಿದ, ನಿಧಾನವಾಗಿ ಉರಿಯುವ ಹುರಿಗೆ ಜಾಮಗಿ ಎಂದು ಹೆಸರು. ಅದನ್ನು ಬಾಗಿಸಿ ರಂಜಕಕ್ಕೆ, ಅಂದರೆ ಕಿಂಡಿಯ ಬಾಯಲ್ಲಿ ಇಟ್ಟ ನುಣುಪಾದ ಕಿಡಿಮದ್ದಿಗೆ, ತಾಗಿಸುವ ಕೋವಿ ಜಾಮಗಿ ಕೋವಿ. ಹುರಿಯ ಬದಲು ಚಕಮಕಿ ಕಲ್ಲನ್ನು ಉಕ್ಕಿಗೆ ಬಡಿಸಿ ಕಿಡಿ ಹಾರಿಸುವುದು ಚಕಮಕಿ ಕೋವಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ಬಂದದ್ದು, ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಪುಟ್ಟ ತಾಮ್ರದ ಟೋಪಿಯಲ್ಲಿಟ್ಟ ‘ಕೇಪು’. ಮಲೆನಾಡಿನವರು ಇಂದಿಗೂ ಹೇಳುವ ಕೇಪಿನ ಕೋವಿ ಇದೇ. ಕಿಡಿಯ ಕ್ರಮ ಬದಲಾದಂತೆ ಕೋವಿ ಹೊತ್ತಿಕೊಳ್ಳುವ ವೇಗ ಬದಲಾಯಿತು, ಮಳೆಯಲ್ಲೂ ನಂಬಬಹುದೆಂಬ ಧೈರ್ಯ ಬಂತು. ಆದರೆ ನಳಿಗೆಯ ಒಳಗೆ ನಡೆಯುವ ಕಥೆ ಮೂರರಲ್ಲೂ ಒಂದೇ.

ಗುರಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ಭೇದ ನಳಿಗೆಯ ಒಳಮೈಗೆ ಸಂಬಂಧಿಸಿದ್ದು. ನುಣುಪು ನಳಿಗೆಯೊಳಗೆ ಗುಂಡನ್ನು ಸಲೀಸಾಗಿ ಇಳಿಸಲೆಂದು ಅದನ್ನು ರಂಧ್ರಕ್ಕಿಂತ ಚಿಕ್ಕದಾಗಿ ಎರೆಯುತ್ತಿದ್ದರು. ಬ್ರಿಟಿಷ್ ಸೇನೆಯ ‘ಬ್ರೌನ್ ಬೆಸ್’ ಕೋವಿಯ ರಂಧ್ರ ಸುಮಾರು 19 ಮಿಲಿಮೀಟರ್ ಇದ್ದರೆ ಅದರ ಗುಂಡು ಸುಮಾರು ಒಂದೂವರೆ ಮಿಲಿಮೀಟರ್ ಕಿರಿದಾಗಿತ್ತು. ಹೀಗೆ ಸಡಿಲವಾದ ಗುಂಡು ನಳಿಗೆಯ ಗೋಡೆಗೆ ಅಲ್ಲಲ್ಲಿ ತಾಗುತ್ತ, ಕೊನೆಯಲ್ಲಿ ಯಾವ ಬದಿಗೆ ಉಜ್ಜಿತೋ ಅದಕ್ಕೆ ತಕ್ಕಂತೆ ತಿರುಗುತ್ತ ಹೊರಬೀಳುವುದರಿಂದ ಒಂದು ಗುಂಡು ಹೋದ ಹಾದಿಯಲ್ಲಿ ಇನ್ನೊಂದು ಹೋಗುವುದಿಲ್ಲ. ಗುಂಡಿನ ಈ ಅಡ್ಡಾದಿಡ್ಡಿ ತಿರುಗಾಟವೇ ಗುರಿ ತಪ್ಪಿಸುವ ಕಾರಣವೆಂದು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟನು. ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ದೂರ ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಾಯವನ್ನು ಅವನ 1742ರ ಗ್ರಂಥ ವಿವರಿಸುತ್ತದೆ.

ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳನ್ನು ಕೊರೆದು ಗುಂಡಿಗೆ ಒಂದೇ ಕ್ರಮದ ತಿರುಗುವಿಕೆ ಕೊಡುವ ನಳಿಗೆಯೇ ರೈಫಲ್. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ತನ್ನ ದಾರಿಯನ್ನು ಬಿಡುವುದಿಲ್ಲ. ದುಂಡನೆಯ ಗುಂಡಿಗಾಗಿ ಮಾಡಿದ ರೈಫಲುಗಳಲ್ಲಿ ಗೀರು ಒಂದು ಪೂರ್ತಿ ಸುತ್ತು ಬರಲು 66 ಅಂಗುಲದಷ್ಟು ಉದ್ದ ಹಿಡಿಯುವುದುಂಟು. ಅಂಥ ನಳಿಗೆಯಿಂದ ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ ಮುನ್ನೂರು ಸುತ್ತಿನಷ್ಟು ತಿರುಗುತ್ತಿರುತ್ತದೆ. ಉದ್ದನೆಯ ಶಂಕುವಿನಾಕಾರದ ಗುಂಡಿಗೆ ಇನ್ನೂ ಬಿಗಿಯಾದ ಸುರುಳಿ ಬೇಕಾಗುತ್ತದೆ. ಹೀಗಾಗಿ ಯಾವ ಗುಂಡು ಸರಿಹೊಂದೀತೆಂಬ ಪ್ರಶ್ನೆಗೆ ಅರ್ಧ ಉತ್ತರ ನಳಿಗೆ ಕೊರೆದ ದಿನವೇ ನಿಶ್ಚಯವಾಗಿರುತ್ತದೆ, ಉಳಿದರ್ಧವನ್ನು ಹೊಡೆಯುವವನು ಹುಡುಕಿಕೊಳ್ಳಬೇಕು.

ತೊಲೆ, ಮಾಸ, ಗುಲಗಂಜಿ

ಪೆಟ್ಲುಪ್ಪು, ಇದ್ದಿಲು, ಗಂಧಕಗಳು ಸೇರಿದ ಕರಿಮದ್ದು ಈ ಕೋವಿಗಳ ಏಕೈಕ ಆಹಾರ. ಇಂದಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಒತ್ತಡ ಹುಟ್ಟಿಸುವುದರಿಂದ, ಅದನ್ನು ಹಳೆಯ ನಳಿಗೆಗೆ ಹಾಕಿದರೆ ನಳಿಗೆಯೇ ಸಿಡಿದು ಹೊಡೆಯುವವನ ಕೈ, ಕಣ್ಣುಗಳಿಗೆ ಆಪತ್ತು ಬರುತ್ತದೆ. ಈ ವಿಷಯದಲ್ಲಿ ಪ್ರಯೋಗಕ್ಕೆ ಎಡೆಯಿಲ್ಲ. ಕರಿಮದ್ದಿನಲ್ಲಿಯೂ ಕಾಳಿನ ಗಾತ್ರ ಮುಖ್ಯ. ದಪ್ಪ ಕಾಳು ನಿಧಾನವಾಗಿಯೂ ನುಣುಪು ಕಾಳು ಬೇಗನೆಯೂ ಉರಿಯುವುದರಿಂದ, ಅಳತೆ ಒಂದೇ ಆದರೂ ಕಾಳು ಬದಲಾದರೆ ಈಡು ಬದಲಾಗುತ್ತದೆ.

ಇಂಗ್ಲಿಷ್ ಸಂಪ್ರದಾಯದಲ್ಲಿ ಮದ್ದನ್ನು ‘ಗ್ರೇನ್’ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್. ಅಕ್ಕಸಾಲಿಗನ ತಕ್ಕಡಿಯ ಭಾಷೆಗೆ ಇದನ್ನು ತಿರುಗಿಸಿದರೆ ಲೆಕ್ಕ ಇನ್ನೂ ಸೊಗಸಾಗುತ್ತದೆ. ಒಂದು ತೊಲೆಗೆ 180 ಗ್ರೇನ್, ತೊಲೆಯ ಹನ್ನೆರಡನೆಯ ಒಂದು ಪಾಲಾದ ಮಾಸಕ್ಕೆ 15 ಗ್ರೇನ್, ಮಾಸದ ಎಂಟನೆಯ ಒಂದು ಪಾಲಾದ ಗುಲಗಂಜಿಗೆ ಎರಡಕ್ಕಿಂತ ತುಸು ಕಡಿಮೆ ಗ್ರೇನ್. ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರ್ ರಂಧ್ರದ ರೈಫಲಿಗೆ ಹಾಕುವ ದುಂಡು ಸೀಸದ ಗುಂಡು ಸುಮಾರು 12.45 ಮಿಲಿಮೀಟರ್ ಅಡ್ಡಳತೆಯದಾಗಿದ್ದು, ಅದರ ತೂಕ ಹೆಚ್ಚುಕಡಿಮೆ ಒಂದು ತೊಲೆಗೆ ಬರುತ್ತದೆ. ಅಂಥ ಕೋವಿಗೆ ಈಡು ಹುಡುಕಲು ಹೊರಟವರು ಸಾಮಾನ್ಯವಾಗಿ 50 ಗ್ರೇನ್, ಅಂದರೆ ಮೂರೂ ಕಾಲು ಮಾಸಕ್ಕೆ ತುಸು ಮೇಲ್ಪಟ್ಟ ಮದ್ದಿನಿಂದ ಆರಂಭಿಸಿ, ಒಂದೊಂದು ಸುತ್ತಿಗೆ ಐದು ಗ್ರೇನ್, ಅಂದರೆ ಮೂರು ಗುಲಗಂಜಿಗಿಂತಲೂ ಕಡಿಮೆ ಮದ್ದನ್ನು ಏರಿಸುತ್ತ ಹೋಗುತ್ತಾರೆ. ಆ ಏರಿಕೆ ಕೋವಿ ಮಾಡಿದವರು ಹಾಕಿಕೊಟ್ಟ ಮಿತಿಯನ್ನು ಎಂದೂ ದಾಟಬಾರದು. ಚಿನ್ನದ ಅಂಗಡಿಯಲ್ಲಿ ಕಾಣುವ ಸೂಕ್ಷ್ಮತೆ ಸಿಡಿಮದ್ದಿಗೂ ಬೇಕೆಂಬುದು ಮೇಲ್ನೋಟಕ್ಕೆ ಅತಿಯೆನಿಸಬಹುದಾದರೂ, ಗಣಿತ ಅದನ್ನು ಸಮರ್ಥಿಸುತ್ತದೆ. ಸೆಕೆಂಡಿಗೆ ಸರಾಸರಿ 400 ಮೀಟರ್ ವೇಗದ ಗುಂಡು 100 ಮೀಟರ್ ದೂರ ಕ್ರಮಿಸಲು ಕಾಲು ಸೆಕೆಂಡು ಬೇಕು, ಆ ಕಾಲು ಸೆಕೆಂಡಿನಲ್ಲಿ ನೆಲದ ಸೆಳೆತ ಅದನ್ನು ಸುಮಾರು 30 ಸೆಂಟಿಮೀಟರ್ ಕೆಳಗೆ ಎಳೆಯುತ್ತದೆ. ವೇಗ ಇಪ್ಪತ್ತರಲ್ಲೊಂದು ಪಾಲು ತಗ್ಗಿದರೂ ಗುಂಡು ಇನ್ನೂ ಮೂರು ಸೆಂಟಿಮೀಟರ್ ಕೆಳಕ್ಕೆ ಬೀಳುತ್ತದೆ.

ಮದ್ದನ್ನು ಹೆಚ್ಚಿಸಿದಷ್ಟೂ ಗುರಿ ಸುಧಾರಿಸುತ್ತದೆಂಬ ಎಣಿಕೆ ಹೊಸಬರ ಸಾಮಾನ್ಯ ತಪ್ಪು. ಒಂದು ಮಟ್ಟದವರೆಗೆ ಮದ್ದು ಏರಿದಂತೆ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ, ಆ ಮಟ್ಟ ದಾಟಿದ ಮೇಲೆ ಬಿಸಿ ಅನಿಲ ಗುಂಡಿನ ಬಟ್ಟೆಯನ್ನು ಸುಟ್ಟು ಬದಿಯಿಂದ ನುಸುಳುತ್ತದೆ, ಹೆಗಲಿಗೆ ಬೀಳುವ ಒದೆತ ಜೋರಾಗಿ ಕೈ ಅಳುಕುತ್ತದೆ, ಗುಂಡುಗಳು ಮತ್ತೆ ಚದುರುತ್ತವೆ. ಅಡುಗೆಯ ಉಪ್ಪಿನಂತೆ ಮದ್ದಿಗೂ ಹದವೊಂದಿದ್ದು, ಅದು ಪ್ರತಿ ನಳಿಗೆಗೂ ಬೇರೆಯಾಗಿರುತ್ತದೆ. ಒಂದೇ ಕಮ್ಮಾರಸಾಲೆಯಲ್ಲಿ ಒಂದೇ ಅಳತೆಗೆ ಮಾಡಿದ ಎರಡು ಕೋವಿಗಳು ಎರಡು ಬೇರೆ ಈಡುಗಳನ್ನು ಬೇಡುವುದು ಅಪರೂಪವಲ್ಲ.

ಬಟ್ಟೆಯ ತುಂಡು ಮತ್ತು ಜಿಡ್ಡು

ರೈಫಲಿನ ಗುಂಡು ರಂಧ್ರಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುವುದರಿಂದ, ಅದನ್ನು ಗೀರುಗಳಿಗೆ ಕಚ್ಚಿಸುವ ಕೆಲಸ ಒಂದು ಹತ್ತಿಬಟ್ಟೆಯ ತುಂಡಿಗೆ ಸೇರಿದ್ದು. ಗುಂಡನ್ನು ಸುತ್ತುವರಿದು ಅದರೊಡನೆ ನಳಿಗೆಗೆ ಇಳಿಯುವ ಈ ದುಂಡು ತುಂಡು ಒತ್ತಾಗಿ ನೆಯ್ದದ್ದಾಗಿರಬೇಕು, ಒಗೆದು ಗಂಜಿ ತೆಗೆದದ್ದಾಗಿರಬೇಕು, ಪ್ರತಿ ಸಲವೂ ಒಂದೇ ದಪ್ಪದ್ದಾಗಿರಬೇಕು. ಮೇಲೆ ಹೇಳಿದ ಅರ್ಧ ಅಂಗುಲದ ಕೋವಿಯಲ್ಲಿ ಗುಂಡಿನ ಸುತ್ತ ಉಳಿಯುವ ಎಡೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು ಮಾತ್ರ, ಬಟ್ಟೆಯ ದಪ್ಪವಾದರೋ ಅದರ ಮೂರು ಪಟ್ಟು. ಆ ಎಡೆಯಲ್ಲಿ ಅದುಮಿಕೊಂಡು, ಗೀರುಗಳ ತಗ್ಗನ್ನೂ ತುಂಬಿ, ಸೀಸದ ಮೈಮೇಲೆ ತನ್ನ ನೇಯ್ಗೆಯ ಅಚ್ಚೊತ್ತಿದಾಗ ಬಟ್ಟೆ ತನ್ನ ಕೆಲಸ ಮಾಡಿದಂತೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ವ್ಯತ್ಯಾಸವೇ ಗುರಿಯನ್ನು ಕೆಡಿಸಬಲ್ಲದು. ಹತ್ತಿಯ ಸೀಮೆಯಾದ ರಾಯಚೂರಿನ ಓದುಗರಿಗೆ ನೂಲಿನ ಎಣಿಕೆ ಮತ್ತು ಬಟ್ಟೆಯ ಬಿಗಿಗೂ ಗುಂಡಿನ ಹಾದಿಗೂ ಇರುವ ಈ ನಂಟು ಬಿಡಿಸಿ ಹೇಳಬೇಕಾದದ್ದಲ್ಲ.

ಬಟ್ಟೆ ಜಾರಲು, ಸುಡದಿರಲು, ಹಿಂದಿನ ಹೊಡೆತದ ಮಸಿಯನ್ನು ಮೆತ್ತಗಿಡಲು ಅದಕ್ಕೆ ಜಿಡ್ಡು ಸವರುತ್ತಾರೆ. ಜೇನುಮೇಣ, ಪ್ರಾಣಿಗಳ ಕೊಬ್ಬು, ಎಣ್ಣೆ, ಕೊನೆಗೆ ಬಾಯಿಯ ಎಂಜಲು ಕೂಡ ಈ ಕೆಲಸಕ್ಕೆ ಬಳಕೆಯಾಗಿವೆ. ಗುರಿಯ ಲೆಕ್ಕದಲ್ಲಿ ಅತಿ ಸಣ್ಣದೆನಿಸುವ ಈ ಜಿಡ್ಡು ಭಾರತದ ಇತಿಹಾಸವನ್ನೇ ಅಲುಗಾಡಿಸಿತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಸಹ ಬಾಯಿಯಿಂದಲೇ ಮದ್ದು ತುಂಬುವ ಕೋವಿಯಾಗಿದ್ದು, ಅದರ 14.66 ಮಿಲಿಮೀಟರ್ ರಂಧ್ರದಲ್ಲಿ ಮೂರು ಗೀರುಗಳಿದ್ದವು. ಸುಮಾರು ನಾಲ್ಕೂವರೆ ಮಾಸ ಮದ್ದು ಮತ್ತು ಮೂರು ತೊಲೆಗೆ ತುಸು ಕಡಿಮೆ ತೂಗುವ ಉದ್ದಗುಂಡು ಒಂದೇ ಕಾಗದದ ಸುರುಳಿಯಲ್ಲಿ ಬರುತ್ತಿದ್ದು, ಆ ಕಾಗದದ ಒಂದು ತುದಿಗೆ ಜಿಡ್ಡು ಸವರಿರುತ್ತಿತ್ತು. ಸುರುಳಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ಕವಾಯತಿನ ನಿಯಮವೂ, ಜಿಡ್ಡು ದನ ಮತ್ತು ಹಂದಿಯ ಕೊಬ್ಬಿನದೆಂಬ ಶಂಕೆಯೂ ಕೂಡಿ 1857ರ ದಂಗೆಯ ಕಿಡಿಗಳಲ್ಲಿ ಒಂದಾಯಿತು. ಮುಂದೆ ಜೇನುಮೇಣವೇ ಪ್ರಧಾನವಾದ ಮಿಶ್ರಣ ಬಳಕೆಗೆ ಬಂತು.

ಆ ಬೆಂಕಿ ಎಡೆದೊರೆ ನಾಡಿನ ಅಂಚಿಗೂ ತಾಗಿತು. ನಿಶ್ಶಸ್ತ್ರೀಕರಣದ ಕಾಯ್ದೆಯಂತೆ ಕೋವಿ, ಕತ್ತಿಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಸಿಡಿದೆದ್ದರು. ಮರುವರ್ಷದ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ವಿರುದ್ಧ ಹೊರಟ ಪಡೆಗಳಲ್ಲಿ ಒಂದು ಲಿಂಗಸುಗೂರಿನ ದಂಡಿನ ಠಾಣ್ಯದಿಂದ ನಡೆದದ್ದು. ಸುರಪುರದ ಬೇಡರ ಕೋವಿ ವಿದ್ಯೆ ಅದಕ್ಕೂ ಒಂದೂವರೆ ಶತಮಾನ ಹಿಂದೆಯೇ ಹೆಸರಾಗಿತ್ತು: 1705ರಲ್ಲಿ ಔರಂಗಜೇಬನು ಪಿಡ್ಡನಾಯಕನ ವಾಗಿನಗೇರಿಯನ್ನು ಮುತ್ತಿದಾಗ ಮುದಿ ಬಾದಶಹನ ದೊಡ್ಡ ಸೇನೆಯನ್ನು ತಿಂಗಳುಗಟ್ಟಲೆ ತಡೆದವರಲ್ಲಿ ಬೇಡರ ಕೋವಿಗಾರರು ಮುಂದಿದ್ದರು. ಕೋವಿ ಕಿತ್ತುಕೊಂಡಾಗ ಕಬ್ಬಿಣದ ನಳಿಗೆಯ ಜೊತೆಗೆ, ಆ ನಳಿಗೆಗೆ ಎಷ್ಟು ಮದ್ದು ಸರಿ ಎಂಬ ತಲೆಮಾರುಗಳ ಅರಿವೂ ಕೈಬಿಟ್ಟುಹೋಗುವುದು ಸಹಜವೇ ಆಗಿತ್ತು.

ಪರೀಕ್ಷೆಯ ಕ್ರಮ

ಈಡು ಹುಡುಕುವ ಕೆಲಸದ ಮೊದಲ ನಿಯಮ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮದ್ದಿನ ಪ್ರಮಾಣವನ್ನೂ ಬಟ್ಟೆಯ ದಪ್ಪವನ್ನೂ ಒಟ್ಟಿಗೆ ಬದಲಿಸಿದವನಿಗೆ ಗುರಿ ಸುಧಾರಿಸಿದರೂ ಕಾರಣ ಯಾವುದೆಂದು ತಿಳಿಯುವುದಿಲ್ಲ. ಹೊಡೆಯುವವನ ಕೈ ನಡುಕ ಲೆಕ್ಕಕ್ಕೆ ಸೇರದಿರಲೆಂದು ಕೋವಿಯನ್ನು ಮರಳಿನ ಚೀಲದ ಮೇಲೆ ಊರಿ, ಸುಮಾರು 50 ಮೀಟರ್ ದೂರದ ಗುರಿಹಲಗೆಗೆ ಒಂದೊಂದು ಅಳತೆಯಲ್ಲಿ ಐದೈದು ಗುಂಡು ಹೊಡೆಯುತ್ತಾರೆ. ಎಣ್ಣೆಯ ಪಸೆ ಉಳಿದ ತಣ್ಣನೆಯ ನಳಿಗೆಯ ಮೊದಲ ಗುಂಡು ಬೇರೆಡೆಗೆ ಹೋಗುವುದುಂಟಾದ್ದರಿಂದ ಅದನ್ನು ಎಣಿಕೆಯಿಂದ ಬಿಡುತ್ತಾರೆ. ಗುಂಡುಗಳು ಹಲಗೆಯ ನಡುವಿಗೆ ಬಿದ್ದವೇ ಎಂಬುದು ಈ ಹಂತದ ಪ್ರಶ್ನೆಯಲ್ಲ, ಒಂದರ ಮಗ್ಗುಲಲ್ಲಿ ಒಂದು ಬಿದ್ದವೇ ಎಂಬುದಷ್ಟೇ ಪ್ರಶ್ನೆ. ಐದು ಗುಂಡುಗಳು ಎಡಮೂಲೆಯಲ್ಲಿ ಅಂಗೈಯಗಲದಲ್ಲಿ ಕೂಡಿದ್ದರೆ ಆ ಈಡು ಒಳ್ಳೆಯದು. ಗುರಿಕಣ್ಣನ್ನು ಸರಿಸಿ ಆ ಗುಂಪನ್ನು ನಡುವಿಗೆ ತರುವುದು ಆಮೇಲಿನ ಸುಲಭದ ಕೆಲಸ. ನಡುವಿನಲ್ಲಿ ಒಂದು ಬಿದ್ದು ಉಳಿದ ನಾಲ್ಕು ನಾಲ್ಕು ದಿಕ್ಕಿಗೆ ಹೋಗಿದ್ದರೆ ಆ ಒಂದು ಬರಿಯ ಅದೃಷ್ಟ.

ತುಂಬುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅಲ್ಲಿನ ಪ್ರತಿಯೊಂದು ಚಲನೆಯೂ ಒಂದು ಅಳತೆಯಾಗಿರುವುದು ಕಾಣುತ್ತದೆ. ಮದ್ದನ್ನು ತುಂಬಿಟ್ಟ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದಿಲ್ಲ. ನಳಿಗೆಯ ತಳದಲ್ಲಿ ಹಿಂದಿನ ಕಿಡಿ ಉಳಿದಿದ್ದರೆ ಇಡೀ ಕೊಂಬೇ ಕೈಯಲ್ಲಿ ಸಿಡಿಯಬಹುದಾದ್ದರಿಂದ, ಮೊದಲು ಪುಟ್ಟ ಅಳತೆಕೊಳವೆಗೆ ಸುರಿದು, ಬೆರಳಿನಿಂದ ಕೊಳವೆಯನ್ನು ಪ್ರತಿ ಸಲವೂ ಅಷ್ಟೇ ಸಲ ತಟ್ಟಿ, ಅಂಚಿಗೆ ಸಮವಾಗಿ ಸವರಿ, ಆಮೇಲೆ ನಳಿಗೆಗೆ ಹಾಕುತ್ತಾರೆ. ಜಿಡ್ಡಿನ ಬಟ್ಟೆಯನ್ನು ನಳಿಗೆಯ ಬಾಯಿಗೆ ಹಾಸಿ, ಎರೆದಾಗ ಉಳಿದ ಮೊಟಕು ತೊಟ್ಟು ಮೇಲ್ಮುಖವಾಗಿರುವಂತೆ ಗುಂಡನ್ನು ಇಟ್ಟು, ಗಜ ಎಂದು ಕರೆಯುವ ನೀಳ ಕಡ್ಡಿಯಿಂದ ಒಂದೇ ಬಗೆಯ ಒತ್ತಿನಲ್ಲಿ ತಳದವರೆಗೆ ಇಳಿಸುತ್ತಾರೆ. ಗುಂಡು ಮದ್ದಿನ ಮೇಲೆ ಕುಳಿತಾಗ ಗಜವು ನಳಿಗೆಯ ಬಾಯಿಗೆ ಎಲ್ಲಿ ಸಮವಾಗುತ್ತದೋ ಅಲ್ಲಿ ಒಂದು ಗೀರು ಹಾಕಿರುತ್ತಾರೆ. ಆ ಗೀರು ಬಾಯಿಗಿಂತ ಮೇಲೆ ನಿಂತಿತೆಂದರೆ ಗುಂಡು ತಳ ಮುಟ್ಟಿಲ್ಲ, ಮದ್ದಿಗೂ ಗುಂಡಿಗೂ ನಡುವೆ ಎಡೆಯಿದೆ ಎಂದರ್ಥ; ಆ ಸ್ಥಿತಿಯಲ್ಲಿ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಗುರಿಗೆ ಬೇಕಾದ ಏಕರೂಪತೆಯನ್ನೂ ಜೀವಕ್ಕೆ ಬೇಕಾದ ಎಚ್ಚರವನ್ನೂ ಅದೇ ಒಂದು ಗೀರು ಕಾಯುತ್ತದೆ.

ಹೊಡೆತದ ಬಳಿಕ ಬಟ್ಟೆಯ ತುಂಡು ಗುಂಡನ್ನು ಬಿಟ್ಟು ಕೆಲವು ಮೀಟರ್ ಮುಂದೆ ನೆಲಕ್ಕೆ ಬೀಳುತ್ತದೆ. ಎಲ್ಲರೂ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿದ ಮೇಲೆ ಅದನ್ನು ಹೆಕ್ಕಿ ನೋಡುವವರಿಗೆ ನಳಿಗೆಯೊಳಗೆ ನಡೆದದ್ದೆಲ್ಲ ಅದರಲ್ಲಿ ಬರೆದಂತೆ ಇರುತ್ತದೆ. ನಡುವಿನಲ್ಲಿ ಗುಂಡು ಕುಳಿತಿದ್ದ ದುಂಡು ಕಲೆಯೂ, ಅದರ ಸುತ್ತ ಗೀರುಗಳು ಒತ್ತಿದ ಸಮನಾದ ಕಪ್ಪು ಪಟ್ಟೆಗಳೂ ಇದ್ದು ಬಟ್ಟೆ ಇಡಿಯಾಗಿದ್ದರೆ ಈಡು ಕೂಡಿಬಂದಿದೆ. ನಡುವೆ ಸುಟ್ಟ ತೂತಿದ್ದರೆ ಜಿಡ್ಡು ಸಾಲದು, ಇಲ್ಲವೇ ಮದ್ದು ಹೆಚ್ಚು, ಇಲ್ಲವೇ ಬಟ್ಟೆ ತೆಳು. ಪಟ್ಟೆಗಳ ಸಾಲಿನಲ್ಲೇ ಚಾಕುವಿನಿಂದ ಸೀಳಿದಂತೆ ಕತ್ತರಿಸಿದ್ದರೆ ನಳಿಗೆಯ ಬಾಯಂಚು ಅಥವಾ ಗೀರುಗಳ ಅಂಚು ಹರಿತವಾಗಿದೆ, ಅದನ್ನು ನುಣುಪುಗೊಳಿಸಬೇಕು. ಹಲಗೆಯ ಮೇಲಿನ ತೂತುಗಳು ಈಡು ಕೆಟ್ಟಿತೆಂದು ಹೇಳುತ್ತವೆಯೇ ಹೊರತು ಏಕೆ ಕೆಟ್ಟಿತೆಂದು ಹೇಳುವುದಿಲ್ಲ. ಅದನ್ನು ಹೇಳುವುದು ಈ ಸುಟ್ಟ ಚಿಂದಿ. ಗುಂಡುಗಳನ್ನು ಮೊದಲೇ ಒಂದೊಂದಾಗಿ ತೂಗಿ, ಮಿಕ್ಕವುಗಳಿಗಿಂತ ಹಗುರವಾದವನ್ನು ಕರಗಿಸಲು ಬೇರೆಯಿಡುವುದೂ ಇದೇ ಶಿಸ್ತಿನ ಭಾಗ, ಏಕೆಂದರೆ ಹಗುರವಾದ ಗುಂಡಿನೊಳಗೆ ಗಾಳಿಯ ಗುಳ್ಳೆ ಅಡಗಿದ್ದು ಅದು ತಿರುಗುವಾಗ ಓಲಾಡುತ್ತದೆ.

ಬಿಸಿಲು, ಮಳೆ ಮತ್ತು ಮಸಿ

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೊರಬಿದ್ದರೆ ಮಿಕ್ಕದ್ದು ನಳಿಗೆಗೆ ಮೆತ್ತುವುದರಿಂದ, ಒರೆಸದೆ ಹೊಡೆಯುತ್ತ ಹೋದರೆ ನಾಲ್ಕಾರು ಹೊಡೆತಗಳಲ್ಲೇ ರಂಧ್ರ ಕಿರಿದಾಗಿ ಗುಂಡು ಇಳಿಯಲು ತಕರಾರು ಮಾಡುತ್ತದೆ. ಈ ಮಸಿಗೆ ಗಾಳಿಯ ತೇವವನ್ನು ಹೀರುವ ಗುಣವಿರುವುದರಿಂದ ಈಡಿನ ಲೆಕ್ಕಕ್ಕೆ ಊರಿನ ಹವೆಯೂ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಬಳಗಾನೂರಿನಂಥ ಒಣನೆಲದಲ್ಲಿ ಮಸಿ ಗಟ್ಟಿಯಾಗಿ ಹಪ್ಪಳಗಟ್ಟುತ್ತದೆ, ಮಳೆಗಾಲದ ಮಡಿಕೇರಿಯಲ್ಲಿ ಅದೇ ಮಸಿ ಕೆಸರಿನಂತೆ ಮೆತ್ತಗಿರುತ್ತದೆ. ಆದ್ದರಿಂದ ಒಂದು ಕಡೆ ಹೆಚ್ಚು ಜಿಡ್ಡೂ ಪ್ರತಿ ಹೊಡೆತಕ್ಕೊಮ್ಮೆ ಒದ್ದೆ ಬಟ್ಟೆಯ ಒರೆಸುವಿಕೆಯೂ ಬೇಕಾದರೆ, ಇನ್ನೊಂದು ಕಡೆ ಮದ್ದನ್ನು ಪಸೆಯಿಂದ ಕಾಯುವುದೇ ದೊಡ್ಡ ಚಿಂತೆಯಾಗುತ್ತದೆ. ಕೆಲಸ ಮುಗಿದ ದಿನವೇ ನಳಿಗೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಮಸಿ ಹೀರಿದ ತೇವ ತುಕ್ಕಾಗಿ, ಗೀರುಗಳ ಅಂಚು ತಿಂದು, ಕಷ್ಟಪಟ್ಟು ಹುಡುಕಿದ ಈಡು ಮರುವರ್ಷಕ್ಕೆ ಹೊಂದದೆ ಹೋಗುತ್ತದೆ.

ಕಾನೂನಿನ ಬೇಲಿಯೊಳಗೆ

ಇಂದು ಕರ್ನಾಟಕದಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿ ಉಳಿದಿರುವುದು ಮುಖ್ಯವಾಗಿ ಎರಡು ನೆಲೆಗಳಲ್ಲಿ. ಒಂದು, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದು ರೈತರು ಬೆಳೆ ರಕ್ಷಣೆಗೆಂದು ಇಟ್ಟುಕೊಂಡಿರುವ ಒಂಟಿನಳಿಗೆಯ ಕೋವಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕಾದ ಈ ಕೋವಿಯ ನಳಿಗೆ ಸಾಮಾನ್ಯವಾಗಿ ನುಣುಪಾದದ್ದು, ಅದರ ಮುಖ್ಯ ಕೆಲಸ ಸದ್ದು ಮಾಡಿ ಪ್ರಾಣಿಗಳನ್ನು ಬೆದರಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಬೇಟೆಯ ಮಾತು ಮುಗಿದಿದೆ, ಮದ್ದಿನ ಸಂಗ್ರಹವೂ ಕಾನೂನಿನ ಹತೋಟಿಯಲ್ಲಿದೆ. ಎರಡನೆಯದು ಕೊಡಗು. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ‘ತೋಕ್’ ಎಂದು ಕರೆಯುವ ಕೋವಿಯ ಬಾಯಿಗೆ ‘ತೋಕ್ ಪೂ’ ಎಂಬ ಕೆಂಪು ಹಳದಿ ಹೂವನ್ನು ಸಿಕ್ಕಿಸಿ ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಸುತ್ತಾರೆ. ಈಗ ಅಲ್ಲಿ ತೋಟೆ ಕೋವಿಗಳೇ ಹೆಚ್ಚಾದರೂ, ಒಂದೇ ಈಡಿಗೆ ಕಾಯಿ ಒಡೆಯಬೇಕೆಂಬ ಹಟ ಹಳೆಯ ಕೋವಿಯ ಕಾಲದ್ದು.

ಹೊರಜಗತ್ತಿನಲ್ಲಿ ಈ ವಿದ್ಯೆ ಶುದ್ಧ ಕ್ರೀಡೆಯಾಗಿ ಬೆಳೆದಿದೆ. 1971ರಲ್ಲಿ ಸ್ಥಾಪನೆಯಾದ, ಬಾಯಿಮದ್ದಿನ ಕೋವಿ ಸಂಘಗಳ ಅಂತರರಾಷ್ಟ್ರೀಯ ಸಮಿತಿ ನಡೆಸುವ ವಿಶ್ವ ಸ್ಪರ್ಧೆಗಳಲ್ಲಿ ಕರಿಮದ್ದನ್ನೇ ಬಳಸಬೇಕು. ಅರ್ಧ ಗಂಟೆಯಲ್ಲಿ ಹದಿಮೂರು ಗುಂಡು ಹೊಡೆದು ಅವುಗಳಲ್ಲಿ ಉತ್ತಮವಾದ ಹತ್ತನ್ನು ಎಣಿಸುತ್ತಾರೆ. ಜಾಮಗಿ ಕೋವಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದ್ದು, ಅದಕ್ಕೆ ಪೋರ್ಚುಗೀಸರ ಮೂಲಕ ಕೋವಿ ಮೊದಲು ಜಪಾನಿಗೆ ಕಾಲಿಟ್ಟ ತನೆಗಶಿಮಾ ದ್ವೀಪದ ಹೆಸರಿಟ್ಟಿದ್ದಾರೆ. ರಾಯಚೂರಿನ ಗೋಡೆಯ ಕೆಳಗೆ ಪೋರ್ಚುಗೀಸ್ ಕೋವಿಗಾರರು ನಿಂತು ಇಪ್ಪತ್ತಮೂರು ವರ್ಷಗಳಾದ ಮೇಲೆ, 1543ರಲ್ಲಿ, ಆ ಕೋವಿ ಅಲ್ಲಿಗೆ ತಲುಪಿತು.

ಹಳೆಯ ಕೋವಿಗಾರರು ತಮ್ಮ ಕೋವಿಗೆ ಒಪ್ಪಿದ ಮದ್ದಿನ ಪ್ರಮಾಣ ಒಮ್ಮೆ ತಿಳಿದ ಮೇಲೆ ಅಷ್ಟೇ ಮದ್ದು ಹಿಡಿಯುವಂತೆ ಕೊಂಬಿನದೋ ಬಿದಿರಿನದೋ ಒಂದು ಕೊಳವೆಯನ್ನು ಕತ್ತರಿಸಿ, ದಾರದಿಂದ ಮದ್ದಿನ ಕೊಂಬಿಗೆ ಕಟ್ಟಿಡುತ್ತಿದ್ದರು. ಅದರ ಮೇಲೆ ಅಂಕೆಯಿಲ್ಲ, ಅಕ್ಷರವಿಲ್ಲ. ಬೇರೆ ಕೋವಿಗೆ ಅದು ಹೆಚ್ಚಾದೀತು ಅಥವಾ ಕಡಿಮೆಯಾದೀತು. ಎಷ್ಟೋ ಹೊಡೆತ, ಎಷ್ಟೋ ಸುಟ್ಟ ಚಿಂದಿಗಳ ಬಳಿಕ ಸಿಕ್ಕ ಉತ್ತರ ಆ ಬೆರಳುದ್ದದ ಕೊಳವೆಯಲ್ಲೂ ಗಜದ ಮೇಲಿನ ಒಂದು ಗೀರಿನಲ್ಲೂ ಉಳಿದಿರುತ್ತದೆ, ಹೀಗಾಗಿ ಅಜ್ಜನ ಕೋವಿಯನ್ನು ಪಡೆದು ಆ ಕೊಳವೆಯನ್ನು ಕಳೆದುಕೊಂಡ ಮೊಮ್ಮಗನು ಈಡನ್ನು ಮತ್ತೆ ಮೊದಲ ಮೂರೂ ಕಾಲು ಮಾಸದಿಂದ ಹುಡುಕುತ್ತ ಬರಬೇಕಾಗುತ್ತದೆ.